ಸತ್ತವಳ ಪಾಸು

“ಮುಸುಡಿ ಎತ್ತೇ ಮೇಲೆ! ಎತ್ತೇ ಅಂದ್ರೆ!”

ಟಿ.ಸಿ. ಪೆನ್ನಿನ ತುದಿಯಿಂದ ರಂಗಲಕ್ಷ್ಮಮ್ಮನ ಗದ್ದ ಎತ್ತಿದ. ಕೈಯಿಂದ ಮುಟ್ಟುವ ಮನಸ್ಸು ಅವನಿಗಿರಲಿಲ್ಲ. ಬೆಳಗಿನ ಪ್ಯಾಸೆಂಜರ್ ಆಗಷ್ಟೇ ಗುಬ್ಬಿ ಬಿಟ್ಟಿತ್ತು. ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ಕೂಲಿ ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು.

“ಈ ಫೋಟೋದಲ್ಲಿರೋಳಿಗೆ ಮೂಗುಬೊಟ್ಟಿದೆ. ನಿನ್ನ ಮೂಗಲ್ಲಿ ತೂತೇ ಇಲ್ಲ. ಯಾರ್ದೇ ಈ ಪಾಸು? ಎಲ್ಲಿ ಕದ್ದೆ?”

“ಕದ್ದಿಲ್ಲ ಸಾ.”

“ಹೆಸರು ಹೇಳು.”

“ಕಲ್ಲಮ್ಮ.”

ಹೇಳಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

ಕಲ್ಲಮ್ಮ ಅವಳ ಅಕ್ಕ. ಹಿರೇಹಳ್ಳಿಯ ಕಲ್ಲು ಪಾಲಿಶ್ ಶೆಡ್ಡಿನಲ್ಲಿ ನಾಲ್ಕು ವರ್ಷ ದುಡಿದವಳು. ಯುಗಾದಿ ಕಳೆದ ವಾರ, ಒರಗಿಸಿ ನಿಲ್ಲಿಸಿದ್ದ ಚಪ್ಪಡಿ ಜಾರಿ ಅವಳ ಮೇಲೆ ಬಿತ್ತು. ಕಲ್ಲಿನ ಲಾರಿಯಲ್ಲೇ ಹೆಣ ತಂದು ನಿಟ್ಟೂರಿನ ಆಚೆಯ ಹಟ್ಟಿಯಲ್ಲಿ ಇಳಿಸಿದರು. ಜೊತೆಗೆ ಬಂದವನು ಮೇಸ್ತ್ರಿ ಅಂಜನಮೂರ್ತಿ. “ಎದೆ ಹಿಡ್ಕಂತು, ಹೋಗ್ಬುಟ್ಲು” ಎಂದ. ಎದೆ ಇರಬೇಕಾದ ಜಾಗ ಸೀರೆಯೊಳಗೆ ಚಪ್ಪಟೆಯಾಗಿತ್ತು. ಏನೂ ತಕರಾರಿಲ್ಲವೆಂದು ಶೆಡ್ಡಿನವರು ಬರೆದು ತಂದ ಕಾಗದಕ್ಕೆ ಅಪ್ಪ ಕರಿಸಿದ್ದಪ್ಪ ಹೆಬ್ಬೆಟ್ಟು ಒತ್ತಿದ. ಸತ್ತಳೆಂದು ಸರ್ಕಾರದ ಲೆಕ್ಕದಲ್ಲಿ ಎಲ್ಲೂ ಬರೆಸಲಿಲ್ಲ. ಸತ್ತಳೆಂದು ಬರೆಸಿದರೆ ಹೇಗೆ ಸತ್ತಳೆಂದೂ ಹೇಳಬೇಕಾಗುತ್ತಿತ್ತು. ಹದಿನೈದು ದಿನಕ್ಕೆ ಅಂಜನಮೂರ್ತಿ ಮತ್ತೆ ಬಂದು ಅಕ್ಕನ ರೈಲಿನ ಪಾಸನ್ನು ತಂಗಿಯ ಕೈಗಿಟ್ಟ.

“ನಾಳೆಯಿಂದ ನೀನೇ ಕಲ್ಲಮ್ಮ. ಹಾಜರಿ ಬುಕ್ನಾಗೆ ಹಂಗೇ ಐತೆ.”

ಎಂಟು ತಿಂಗಳಾಯಿತು. ಶೆಡ್ಡಿನಲ್ಲಿ ಬೆಳಿಗ್ಗೆ ಕಲ್ಲಮ್ಮ ಎಂದು ಕೂಗಿದರೆ ಅವಳು ಕೂಡಲೇ ಓಗೊಡುತ್ತಿರಲಿಲ್ಲ. ಬೇರೆ ಯಾರಾದರೂ ಓಗೊಟ್ಟಾರೇನೋ ಎಂದು ಒಂದು ಗಳಿಗೆ ಕಾಯುತ್ತಿದ್ದಳು. ಅಕ್ಕ ನಿಲ್ಲುತ್ತಿದ್ದ ಮಿಷನ್ನಿನ ಮುಂದೆಯೇ ಅವಳ ಕೆಲಸ. ಉಜ್ಜಿ ಉಜ್ಜಿ ಹೊಳಪು ಬಂದ ಕಪ್ಪು ಚಪ್ಪಡಿಯಲ್ಲಿ ತನ್ನ ಮುಖ ಕಂಡಾಗ, ಅದರ ಮೂಗಿನಲ್ಲಿ ಬೊಟ್ಟು ಮಿನುಗಿದಂತಾಗಿ ಕಣ್ಣು ಮುಚ್ಚುತ್ತಿದ್ದಳು. ಒಂದು ದಿನ ಅವ್ವ ಮರೆತು “ಕಲ್ಲೀ” ಎಂದು ಕರೆದಿದ್ದಳು. ಇವಳು “ಆ...” ಎಂದಿದ್ದಳು. ಅವತ್ತು ಇಬ್ಬರೂ ಉಣ್ಣಲಿಲ್ಲ.

“ಸಾರ್, ಸಾರ್...” ಅಂಜನಮೂರ್ತಿ ಒಳಗಿನ ಸೀಟಿನಿಂದ ಎದ್ದು ಜನರನ್ನು ತಳ್ಳಿಕೊಂಡು ಬಂದ. “ನಮ್ ಶೆಡ್ಡಿನ ಹೆಂಗ್ಸು ಸಾರ್. ಇವ್ಳೇ ಕಲ್ಲಮ್ಮ. ಮೂಗುಬೊಟ್ಟು ಮಾರ್ಕಂಡು ತಿಂದವ್ಳೆ, ತೂತು ಮುಚ್ಕಂಡೈತೆ. ಈ ಜನದ್ದು ಗೊತ್ತಲ್ಲ ಸಾರ್ ನಿಮ್ಗೆ.”

ಟಿ.ಸಿ. ನಕ್ಕ. ಪಾಸನ್ನು ಅವಳ ಕಡೆ ಚಾಚಿದ.

“ತಗೋ. ಈ ಹಳೇ ಫೋಟೋ ಕಿತ್ತು ಬಿಸಾಕಿ ಹೊಸದು ಅಂಟಿಸ್ಕೋ.”

ತೆಗೆದುಕೊಂಡು ಸುಮ್ಮನೆ ಕೂತರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಕೈ ಮೇಲೇಳಲಿಲ್ಲ. ಅಕ್ಕ ಬದುಕಿನಲ್ಲಿ ತೆಗೆಸಿಕೊಂಡಿದ್ದು ಅದೊಂದೇ ಫೋಟೋ.

“ನಾನು ಕಲ್ಲಮ್ಮ ಅಲ್ಲ ಸಾ.”

“ಏನಂದೆ?”

“ಕಲ್ಲಮ್ಮ ನಮ್ಮಕ್ಕ. ಸತ್ತೋದ್ಲು. ಶೆಡ್ನಾಗೆ ಚಪ್ಡಿ ಬಿದ್ದು ಸತ್ಲು. ಇವ್ನೇ ಹೆಣ ತಂದ್ಹಾಕಿದ್ದು.”

“ಮುಚ್ಚೇ ಬಾಯಿ, ಬೋಸುಡಿ! ತಲೆ ಕೆಟ್ಟೋಳು ಸಾರ್ ಇವ್ಳು...”

“ತಲೆ ಕೆಟ್ಟಿದ್ರೆ ಎಂಟು ತಿಂಗ್ಳು ನಿನ್ ಚಪ್ಡಿ ಹೆಂಗ್ಲಾ ಉಜ್ಜಿದೆ, ಸೂಳೆಮಗ್ನೆ?”

ಪಕ್ಕದಲ್ಲಿದ್ದ ಹೆಂಗಸು ಅವಳ ಸೆರಗು ಹಿಡಿದು ಎಳೆದಳು. “ಸುಮ್ಕಿರೇ ರಂಗೀ, ನಮ್ ಕೂಲಿನೂ ಹೋಯ್ತದೆ.”

ಆ ಹೆಸರು ಟಿ.ಸಿ.ಯ ಕಿವಿಗೆ ಬಿತ್ತು. ಪಾಸನ್ನು ತನ್ನ ಜೇಬಿಗೆ ಹಾಕಿಕೊಂಡ. “ಹಂಗಾದ್ರೆ ನಿನ್ ಹತ್ರ ಟಿಕೆಟ್ಟೇ ಇಲ್ಲ. ತುಮಕೂರಲ್ಲಿ ಇಳಿ.”

ತುಮಕೂರಿನ ಪ್ಲಾಟ್‌ಫಾರ್ಮಿನಲ್ಲಿ ಟಿ.ಸಿ. ರಸೀದಿ ಪುಸ್ತಕ ತೆರೆದ. ಹಿಂದೆಯೇ ಇಳಿದ ಅಂಜನಮೂರ್ತಿ ಜೇಬಿನಿಂದ ನೋಟು ತೆಗೆದ. “ದಂಡ ನಾನ್ ಕಟ್ತೀನಿ ಸಾರ್. ಇಲ್ಲಿಗೇ ಬುಟ್ಬುಡಿ.”

“ಅದ್ರಾಗೆ ಏನಂತ ಬರೀತೀರಾ ಸಾ?” ರಂಗಲಕ್ಷ್ಮಮ್ಮ ಕೇಳಿದಳು.

“ಟಿಕೆಟ್ ಇಲ್ದೆ ಪ್ರಯಾಣ ಅಂತ.”

“ಪಾಸಿನೋಳು ಸತ್ತವ್ಳೆ ಅಂತ ಬರೀರಿ.”

“ಅದಕ್ಕೆಲ್ಲ ಇದ್ರಲ್ಲಿ ಜಾಗ ಇಲ್ಲಮ್ಮ.” ಟಿ.ಸಿ. ಮೊದಲ ಬಾರಿಗೆ ಅಮ್ಮ ಎಂದ.

“ದಂಡ ಕಟ್ದಿದ್ರೆ?”

“ಪೊಲೀಸರಿಗೆ ಒಪ್ಪಿಸ್ತೀನಿ. ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ಜೈಲೂ ಆಗ್ಬೋದು.”

“ಅಲ್ಲಿ ನಾನ್ ಹೇಳಿದ್ದು ಬರ್ಕಂತಾರಾ?”

ಟಿ.ಸಿ. ಅವಳ ಮುಖವನ್ನೇ ನೋಡಿದ. “ಬರ್ಕೋಬೇಕು” ಎಂದ.

ಅಂಜನಮೂರ್ತಿ ಹತ್ತಿರ ಬಂದು ದನಿ ತಗ್ಗಿಸಿದ. “ಏ ರಂಗಿ, ನಿಮ್ಮಪ್ಪ ಹೆಬ್ಬೆಟ್ಟು ಒತ್ತವ್ನೆ ಕಣೇ. ಸುಳ್ಳು ಹೆಸ್ರಲ್ಲಿ ದುಡ್ದಿರೋಳು ನೀನು. ಮೊದ್ಲು ಒಳಗೋಗೋಳು ನೀನೇ.”

“ಹೋಯ್ತೀನಿ ಬುಡು. ಇವ್ನ ದುಡ್ಡು ಮುಟ್ಬ್ಯಾಡಿ ಸಾ.”

ರೈಲು ಹಿರೇಹಳ್ಳಿಯ ಕಡೆ ಹೊರಟಿತು. ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳೂ ಇಳಿಯಲಿಲ್ಲ. ಸೆರಗು ಎಳೆದಿದ್ದವಳು ಮಾತ್ರ ಕಂಬಿ ಹಿಡಿದು, ರೈಲು ತಿರುಗುವವರೆಗೂ ಇತ್ತಲೇ ನೋಡುತ್ತಿದ್ದಳು.

ರೈಲ್ವೆ ಪೊಲೀಸರ ಕೋಣೆಯಲ್ಲಿ ವಯಸ್ಸಾದ ಪೇದೆಯೊಬ್ಬ ಕೂತಿದ್ದ. ಟಿ.ಸಿ. ಪಾಸನ್ನು ಮೇಜಿನ ಮೇಲಿಟ್ಟು, ವಿಷಯ ಹೇಳಿ ಹೋದ. ಪೇದೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ದಪ್ಪ ರಿಜಿಸ್ಟರು ಬಿಡಿಸಿದ.

“ಹೆಸ್ರೇನಮ್ಮ?”

ಅವಳ ನಾಲಿಗೆ ಕಲ್ಲಮ್ಮ ಎನ್ನಲು ಆಗಲೇ ಸಿದ್ಧವಾಗಿತ್ತು.

“ಯಾರ್ದು ಮೊದ್ಲು ಬರ್ಕಂತೀರಾ ಸಾಮಿ? ಸತ್ತೋಳ್ದೋ, ನನ್ದೋ?”

ಪೇದೆ ಬರೆಯಲಿಲ್ಲ. ಬಾಗಿಲ ಕಡೆ ನೋಡಿದ. ಅಲ್ಲಿ ಅಂಜನಮೂರ್ತಿ ನಿಂತು, ಕಣ್ಣಲ್ಲೇ ಅವನನ್ನು ಹೊರಗೆ ಕರೆಯುತ್ತಿದ್ದ.

ರಂಗಲಕ್ಷ್ಮಮ್ಮ ಎದ್ದಳು. ಹೋಗಿ ಮೇಸ್ತ್ರಿಯ ಮುಖದ ಮೇಲೆ ಬಾಗಿಲು ಹಾಕಿ, ಅಗುಳಿ ಜಡಿದು ಬಂದು ಕೂತಳು.

“ಬರ್ಕಳ್ಳಿ” ಎಂದಳು.