ಬಿಳಿಯಾಗಿ ಬಿಟ್ಟ ಕೂದಲು

ಕೀಂ ಎನ್ನುವುದು ಎಡಗಾಲಿನ ಬೂಟು ಮಾತ್ರ, ಈ ಮುದುಕರು ಎಡಗಾಲು ಊರಿದಾಗಲೆಲ್ಲ ನೆಲ ಅತ್ತಂತಾಗುತ್ತದೆ, ಅಳಲಿ, ಬೂಟಿಗೆ ನಿಯಮವಿಲ್ಲ, ಪೆನ್ನಿಗಿದೆ, ಕೊಡೆಗಿದೆ, ನೀರಿನ ಬಾಟಲಿಗಿದೆ — ಚಿಜುರು ಓಯಿಕಾವಾ ಮೂರನೆಯ ಕೋಣೆಯ ಮೂಲೆಯ ಕುರ್ಚಿಯಲ್ಲಿ ಮೊಣಕಾಲ ಮೇಲೆ ಬೂದು ಕಂಬಳಿ ಹಾಸಿಕೊಂಡು ಕೂತಿದ್ದಾಳೆ, ಬೆಳಗ್ಗೆ ಒಂಬತ್ತೂವರೆಯಿಂದ ಕೂತಿದ್ದಾಳೆ, ಹನ್ನೊಂದು ವರ್ಷದಿಂದ ಕೂತಿದ್ದಾಳೆ, ಚಿತ್ರಶಾಲೆಯ ಕಾವಲಿನವಳ ಕೆಲಸವೆಂದರೆ ಕೂರುವುದು, ನೆಲದ ಮೇಲಿನ ಬಿಳಿ ಗೆರೆಯನ್ನು ಯಾರಾದರೂ ದಾಟಿದರೆ ಏಳುವುದು. ಎದುರಿನ ಗೋಡೆಯಲ್ಲಿ ಆ ಹುಡುಗಿ. ಎರಡು ಅಂಗೈಯಷ್ಟು ಚಿತ್ರ, ಕುರೆಬಾಯಾಶಿ ಎಂಬ ಈಗಿನ ದೊಡ್ಡ ಕಲಾವಿದ ಗತಿಯಿಲ್ಲದ ದಿನಗಳಲ್ಲಿ ತೋಫು ಅಂಗಡಿಯ ಕರಪತ್ರದ ಬೆನ್ನಿಗೆ ಬಾಲ್‌ಪೆನ್ನಿನಿಂದ ಗೀಚಿದ್ದು, ರಾಕ್ ಸಂಗೀತದ ಒಂದೇ ಹಾಡು ಮತ್ತೆ ಮತ್ತೆ ಕೇಳುತ್ತ ಬಿಡಿಸಿದ್ದು ಎಂದು ಪಕ್ಕದ ಫಲಕ ಹೇಳುತ್ತದೆ. ಸ್ಪೀಕರ್ ಪೆಟ್ಟಿಗೆಯ ಮೇಲೆ ಬರಿಗಾಲಲ್ಲಿ ನಿಂತ ಪುಟ್ಟ ಹುಡುಗಿ, ಅವಳಿಗಿಂತ ದೊಡ್ಡ ಗಿಟಾರು, ಗಿಟಾರಿನ ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಾಳೆ, ಏನು ಮಾಡ್ಕೊಳ್ತೀಯೋ ಮಾಡ್ಕೋ ಹೋಗು ಎನ್ನುವ ಹಾಗೆ. ಮೈಯೆಲ್ಲ ನೀಲಿ ಗೀಚು, ಕೂದಲಿಗೆ ಮಾತ್ರ ಅಂಚು ಎಳೆದು ಒಳಗೆ ಏನೂ ತುಂಬಿಲ್ಲ. ಯಾಕೆ ಬಿಟ್ಟ, ಶಾಯಿ ಮುಗಿಯಿತೆ, ಹಾಡು ಮುಗಿಯಿತೆ, ಹಸಿವಾಯಿತೆ — ಎರಡು ತಿಂಗಳಿಂದ ನೋಡುತ್ತಿದ್ದರೂ ಭಾನುವಾರದವರೆಗೆ ಇದು ಅವಳಿಗೆ ಪ್ರಶ್ನೆಯೇ ಆಗಿರಲಿಲ್ಲ, ಈಗ ಆ ಬಿಳಿ ಕಂಡರೆ ಸಾಕು, ಕಪ್ಪು ನೀರು, ಬಚ್ಚಲುಮನೆಯಲ್ಲಿ ಮಗಳ ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ನೆಲದ ಜಾಲರಿಗೆ ಇಳಿಯುವ ಕಪ್ಪು ನೀರು. ಮುದುಕರು ಹೋದರು.

ಮಗಳು ಇಬುಕಿಯ ಕೂದಲು ಹುಟ್ಟಿನಿಂದಲೇ ಕಂದು, ಹುರಿದ ಚಹಾ ಎಲೆಯ ಬಣ್ಣ, ಅಪ್ಪನ ಕಡೆಯದು — ಆ ಅಪ್ಪ ಯಸುಹಿಕೊ ಈಗ ನಗೋಯಾದಲ್ಲಿ ಕಂಪನಿ ಕೊಟ್ಟ ಒಂಟಿ ಕೋಣೆಯಲ್ಲಿದ್ದುಕೊಂಡು ತಿಂಗಳಿಗೊಮ್ಮೆ ಮನೆಗೆ ಬರುವವನು, ತಾನು ಶಾಲೆ ಮುಗಿಸಿದ ಸಮಾರಂಭದ ದಿನ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ ತನ್ನ ತಲೆಗೆ ಕಪ್ಪು ಸ್ಪ್ರೇ ಹೊಡೆದದ್ದನ್ನು ಬಿಯರ್ ಒಳಗಿಳಿದಾಗಲೆಲ್ಲ ನಗುತ್ತ ಹೇಳುವವನು, ನಗುತ್ತ ಹೇಳಿದ್ದನ್ನು ನಾವೂ ನಗುತ್ತಲೇ ಕೇಳಿದೆವಲ್ಲ. ಶಾಲೆಯಲ್ಲಿ ಎಲ್ಲರ ಕೂದಲೂ ಕಪ್ಪಿರಬೇಕು, ಹುಟ್ಟಿನಿಂದ ಕಪ್ಪಲ್ಲದಿದ್ದರೆ ಅರ್ಜಿ, ಮಗುವಾಗಿದ್ದಾಗಿನ ಫೋಟೋ, ಹೆತ್ತವರ ಮೊಹರು, ಎಲ್ಲವನ್ನೂ ಏಪ್ರಿಲ್‌ನಲ್ಲೇ ಕೊಟ್ಟಾಗಿತ್ತು, ಮೂರು ವರ್ಷದ ಇಬುಕಿ ಸಮುದ್ರದ ದಂಡೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಫೋಟೋ, ತನ್ನ ಮಗಳ ತಲೆ ತನ್ನ ಮಗಳದೇ ಎಂದು ರುಜುವಾತು. ಮುಗಿಯಿತು ಅಂದುಕೊಂಡಿದ್ದಳು. ಕಳೆದ ವಾರ ಕ್ಲಾಸ್ ಮೇಷ್ಟ್ರು ಸುಗಾವಾರಾ ಫೋನ್ ಮಾಡಿದರು, ಯಾರೂ ಬಲವಂತ ಮಾಡ್ತಿಲ್ಲ ಓಯಿಕಾವಾ ಅವರೇ, ಅರ್ಜಿ ಇದೆ, ನಮಗೆಲ್ಲ ಗೊತ್ತೇ ಇದೆ, ಆದ್ರೆ ಕಾಲೇಜಿಗೆ ಶಿಫಾರಸು ಪತ್ರ ಕೊಡೋ ಹೊತ್ತು, ಸಂದರ್ಶನ ಮಾಡೋರಿಗೆ ಅದು ಹುಟ್ಟು ಬಣ್ಣ ಅಂತ ಗೊತ್ತಿರಲ್ಲ ನೋಡಿ, ಒಂದೇ ಸೀಟು, ಅವಳ ಒಳ್ಳೇದಕ್ಕೇ ಹೇಳ್ತಿರೋದು. ಎಷ್ಟು ಮೃದುವಾದ ದನಿ, ಬೈದಿದ್ದರೆ ವಾಸಿಯಿತ್ತು. ಹೌದು ಸರ್ ಹೌದು ಸರ್ ಎನ್ನುತ್ತ ಚಿಜುರು ಅಡುಗೆಮನೆಯಲ್ಲಿ ನಿಂತು ಫೋನಿಗೇ ಬಗ್ಗಿ ಬಗ್ಗಿ ನಮಸ್ಕರಿಸಿದಳು. ಇದೇ ಬೆನ್ನು, ಹತ್ತೊಂಬತ್ತರಲ್ಲಿ ತಲೆಗೆ ಕೆಂಪು ಬಳಿದುಕೊಂಡು, ನೆಲಮಾಳಿಗೆಯ ಹಾಡುಮನೆಯಲ್ಲಿ ವೇದಿಕೆಯ ಕಂಬಿಗೆ ಎದೆ ಒತ್ತಿ, ಬಗ್ಗಲ್ಲ ಬಗ್ಗಲ್ಲ ಎಂದು ಕಿರುಚಿ ಮೂರು ದಿನ ಗಂಟಲು ಕಳೆದುಕೊಂಡವಳದು. ಅವಳೆಲ್ಲಿ ಹೋದಳು, ಅಥವಾ ಅವಳೂ ಸುಮ್ಮನೆ ಪಕ್ಕದವರು ಕಿರುಚಿದರೆಂದು ಕಿರುಚಿದವಳೆ? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ, ಇಲ್ಲಿ ಬಗ್ಗಿದ್ದು ತಾಯಿ, ಗುದ್ದು ಮಗಳಿಗೆ. ಆದರೆ ಸೀಟು ಬೇಕಲ್ಲ, ಬೇಡವೆ, ಇಬುಕಿಗೇ ಬೇಕು, ಸಮುದ್ರದ ಪಾಚಿಯ ಬಗ್ಗೆ ಓದಬೇಕು ಎಂದು ಆರನೆಯ ಕ್ಲಾಸಿನಿಂದ ಹೇಳುತ್ತಿದ್ದಾಳೆ, ಕೂದಲು ಬೆಳೆದಂತೆ ಬಣ್ಣ ಹೋಗುತ್ತದೆ, ಸೀಟು ಹೋದರೆ ಹೋಯಿತು, ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು. ಕೆಟ್ಟಿದೆ.

ಜಗಳವಾಗುತ್ತದೆ ಎಂದುಕೊಂಡಿದ್ದಳು, ಬಾಗಿಲು ದಢಾರನೆ ಬಡಿದುಕೊಂಡರೆ ಏನು ಹೇಳಬೇಕೆಂದು ಔಷಧಿ ಅಂಗಡಿಯಿಂದ ಬಣ್ಣ ತರುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಇಬುಕಿ ಡಬ್ಬಿ ನೋಡಿದಳು, ತಾನೇ ಸ್ನಾನದ ಸ್ಟೂಲು ತಂದಿಟ್ಟಳು, ಹಳೆಯ ಟವೆಲ್ಲನ್ನು ತಾನೇ ಹೆಗಲಿಗೆ ಹಾಕಿಕೊಂಡಳು. ಅಮ್ಮ, ನೀನೇ ಹಚ್ಚು. ನನ್ನ ಕೈಯಾರೆ ನಾನು ಹಚ್ಕೊಳಲ್ಲ. ಅಷ್ಟೇ. ಆಮೇಲೆ ಮುಕ್ಕಾಲು ಗಂಟೆ ನೆಟ್ಟಗೆ ಕೂತಳು, ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು, ಒಗೆದ ಬಟ್ಟೆ ಹಾರಾಡುತ್ತಿತ್ತು, ಅವಳು ಕಣ್ಣು ಕೂಡ ಮುಚ್ಚಲಿಲ್ಲ. ಅದು ಒಪ್ಪಿಗೆಯೆ, ಬಂಡಾಯವೆ? ಈ ಗೋಡೆಯ ಹುಡುಗಿಯದಾದರೆ ಗೊತ್ತಾಗುತ್ತದೆ, ಕಚ್ಚಿದ್ದಾಳೆ, ಹಲ್ಲು ಕಾಣುತ್ತದೆ. ನನ್ನ ಹುಡುಗಿಯ ಹಲ್ಲು ಕಾಣಲಿಲ್ಲ. ಕಪ್ಪು ನೀರು ಇಳಿಯಿತು, ಟವೆಲ್ಲು ಕುಡಿಯಿತು, ಸಾಕಾ ಅಮ್ಮ ಎಂದಳೆ, ಇಲ್ಲ, ಏನೂ ಅನ್ನಲಿಲ್ಲ, ಅದು ಚಿಜುರು ಆಮೇಲೆ ಸೇರಿಸಿಕೊಂಡದ್ದು. ಬುಧವಾರ ನಿಮ್ಮ ಚಿತ್ರಶಾಲೆಗೇ ಕ್ಲಾಸಿನವರೆಲ್ಲ ಬರ್ತೀವಿ ಎಂದದ್ದು ಮಾತ್ರ ನಿಜ, ಸೋಮವಾರ ಊಟದ ಹೊತ್ತಿಗೆ, ಮಿಸೊ ಸಾರಿನ ಬಟ್ಟಲೊಳಗೆ ನೋಡುತ್ತ ಹೇಳಿದ್ದು. ಇವತ್ತು ಬುಧವಾರ.

ಬಂದರು, ಮೊದಲು ಗುಸುಗುಸು, ಆಮೇಲೆ ಮೂವತ್ತು ನೀಲಿ ಸಮವಸ್ತ್ರ, ನೆಗಡಿಯ ಕಾಲ, ಮುಕ್ಕಾಲು ಪಾಲು ಮುಖಗಳಿಗೆ ಮಾಸ್ಕು, ಸರದಿ ಬದಲಿಸಲು ಪಕ್ಕದ ಕೋಣೆಗೆ ಹೊರಟಿದ್ದ ಜೊತೆಯ ಕಾವಲಿನವಳು ಕುಮಾಗಾಯಿ ಕಿವಿಯ ಹತ್ತಿರ ಬಗ್ಗಿ, ನಿನ್ ಮಗಳ ಶಾಲೆ ಅಲ್ವೇನೇ, ಯಾವ್ದು ನಿನ್ನದು ತೋರ್ಸು ಎಂದಳು. ತೋರಿಸುವುದೇನು ಮಹಾ, ಆಟೋಟದ ದಿನ ಮೈದಾನದ ಆಚೆ ತುದಿಯಿಂದ, ಕನ್ನಡಕವಿಲ್ಲದೆ, ಮುನ್ನೂರು ತಲೆಗಳ ನಡುವೆ ಚಹಾ ಬಣ್ಣದ ಒಂದೇ ಚುಕ್ಕೆಯನ್ನು ಹೆಕ್ಕಿ ತೆಗೆಯುತ್ತಿದ್ದವಳು, ಇಗೋ ಇವಳು — ಅಲ್ಲ — ಆ ಎತ್ತರದವಳು — ಅಲ್ಲ, ಇಬುಕಿಗೆ ಅಷ್ಟು ಎತ್ತರವಿಲ್ಲ, ಇದೆಯೆ, ಕಪ್ಪು, ಕಪ್ಪು, ಕಪ್ಪು, ಒಂದೇ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅಲ್ಲಿದ್ದಾಳೆ ನೋಡು ಎಂದು ಗಲ್ಲವನ್ನು ಯಾವ ಕಡೆಗೋ ಎತ್ತಿದಳು. ನಿನ್ನ ಹಾಗೇ ಇದ್ದಾಳೆ ಕಣೇ ಎಂದು ಕುಮಾಗಾಯಿ ನಕ್ಕು ಹೋದಳು. ಯಾರನ್ನು ನೋಡಿ ಹೇಳಿದಳು? ನಾಚಿಕೆಯಿಂದ ಚಿಜುರುವಿನ ಕಿವಿ ಬಿಸಿಯಾಯಿತು, ಹೆತ್ತವಳಿಗೆ ಹೆತ್ತ ಮಗು ಸಿಗುತ್ತಿಲ್ಲ, ಬಂದೇ ಇಲ್ಲವೇನೋ, ಬಂದು ಬೇಕೆಂದೇ ನೋಡುತ್ತಿಲ್ಲವೇನೋ. ಒಬ್ಬಳು ಗುಂಪು ಬಿಟ್ಟು ಆ ಚಿತ್ರದ ಮುಂದೆ ನಿಂತಿದ್ದಾಳೆ, ಬೆನ್ನು ಇತ್ತ, ಇನ್ನೂ ಮುಂದಕ್ಕೆ ಹೋಗುತ್ತಿದ್ದಾಳೆ, ಬೂಟಿನ ತುದಿ ಗೆರೆಯ ಮೇಲೆ, ಗೆರೆಯ ಆಚೆ, ಮೂಗು ಗಾಜಿಗೆ ತಾಗುವಷ್ಟು, ಬಿಳಿಯಾಗಿ ಬಿಟ್ಟ ಆ ಕೂದಲನ್ನೇ ನೋಡುತ್ತಿದ್ದಾಳೆ — ಕಾಲು ತಾನಾಗಿ ಎದ್ದಿತು, ಕಂಬಳಿ ಜಾರಿತು, ಹನ್ನೊಂದು ವರ್ಷದ ದನಿ ತಾನಾಗಿ ಬಂತು, ದಯವಿಟ್ಟು ಗೆರೆಯಿಂದ ಹಿಂದೆ ಬನ್ನಿ. ಹುಡುಗಿ ಹಿಂದೆ ಸರಿದಳು, ತಿರುಗಿದಳು, ಮುಖ ಕಾಣುವ ಮೊದಲೇ ಸೊಂಟದಿಂದ ಬಗ್ಗಿದಳು, ತಪ್ಪಾಯ್ತು, ಕ್ಷಮಿಸಿ, ಮಾಸ್ಕಿನ ಹಿಂದಿನ ದನಿ, ಯಾರದೂ ಆಗಬಹುದಾದ ದನಿ, ಕೂದಲು ಎರಡು ಪಾಲಾಗಿ ಮುಂದಕ್ಕೆ ಜಾರಿತು, ಬಿಳಿ ಕತ್ತು, ಕಿವಿಯ ಕೆಳಗೆ ತಿಕ್ಕಿ ತಿಕ್ಕಿ ಕೆಂಪಾದ ಚರ್ಮ, ಅದರ ನಡುವೆ ಹೋಗದೆ ಉಳಿದ ಕಲೆ, ತಲೆ ಅಲುಗದಿರಲಿ ಎಂದು ಭಾನುವಾರ ತಾನು ಒತ್ತಿ ಹಿಡಿದ ಜಾಗ, ಅವಳು ಇನ್ನೂ ಬಗ್ಗಿಯೇ ಇದ್ದಾಳೆ, ಏಳು ಕಣೇ, ಏಳುತ್ತಿಲ್ಲ, ಕತ್ತಿನ ಮೇಲೆ ಕಪ್ಪಗೆ ತನ್ನ ಹೆಬ್ಬೆರಳು.