ಮೇಡ್ಲೇರಿಯ ಹಲಗೆ, ಹಿಮಾಚಲದ ಫೋನು

ಇದು ಖರೇ ನಡೆದ ಕಥೆ. ಸುಳ್ಳು ಅನ್ನಿಸಿದವರು ರಾಣೆಬೆನ್ನೂರಿನಲ್ಲಿ ಮೇಡ್ಲೇರಿ ಬಸ್ಸು ಹತ್ತಿ, ಇಳಿದ ಮೇಲೆ ಫಕ್ಕೀರಪ್ಪನ ಮನೆ ಯಾವುದೆಂದು ಕೇಳಿ, ಪಡಸಾಲೆಯ ಗೂಟಕ್ಕೆ ನೇತು ಹಾಕಿದ ಕಿವಿ, ಗದ್ದ ಮುಚ್ಚುವ ಕೆಂಪು ಮಂಗ್ಯಾನ ಟೊಪಗಿಯನ್ನು ಕಣ್ಣಾರೆ ನೋಡಿಕೊಂಡು ಬರಬಹುದು. ಚಹಾ ಪುಕ್ಕಟೆ. ಟೊಪಗಿಯ ಸುದ್ದಿ ತೆಗೆದರೆ ಎರಡನೇ ಚಹಾನೂ ಪುಕ್ಕಟೆ.

ಆ ಟೊಪಗಿ ಹಾಕಿಕೊಂಡವನು ಫಕ್ಕೀರಪ್ಪ. ಹಾಕಿದವನು ಅವನ ಹೆಂಡತಿಯ ತಮ್ಮ ಶಶಿಕಾಂತ. ಈ ಶಶಿಕಾಂತ ಬಿ.ಎ. ಮುಗಿಸಿ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಸತ್ತ ಫೋನಿಗೆ ದನಿ ಬರಿಸುವುದು ಅವನ ಉದ್ಯೋಗ, ಮಂದಿಯ ದನಿಯನ್ನು ತನ್ನ ಬಾಯಿಗೆ ಬರಿಸಿಕೊಳ್ಳುವುದು ಅವನ ಚಟ. ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮು, ಹಾವೇರಿ ಬಸ್ಸಿನ ಕಂಡಕ್ಟರನ ‘ಮುಂದ ಸರೀರಿ’, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲರ ಸೀನು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಡಿಸೆಂಬರದ ಒಂದು ಶುಕ್ರವಾರ ಅಕ್ಕನ ಮಗಳು ಭುವನಾ ಕಾಲೇಜು ಬಿಟ್ಟವಳೇ ಅಂಗಡಿಗೆ ಬಂದು ಒಂದು ಕಾಗದ ಇಟ್ಟಳು.

“ಮಾಮಾ, ಅಪ್ಪ ಸಹಿ ಮಾಡವಲ್ಲ.”

ಕಾಗದ ಹಿಮಾಚಲದ ಒಂದು ಸ್ನೋಬೋರ್ಡ್ ಕ್ಲಬ್ಬಿನದು. ಹರೆಯದ ಮಕ್ಕಳನ್ನು ಹಲಗೆಯ ಮೇಲೆ ನಿಲ್ಲಿಸಿ ಹಿಮದ ಗುಡ್ಡದಿಂದ ಜಾರಲು ಕಲಿಸುವವರು. ಹಿಂದಿನ ವಾರ ಹಾವೇರಿಯ ಮೈದಾನಕ್ಕೆ ಬಂದು ಮರದ ಇಳಿಜಾರು ಕಟ್ಟಿ, ಗಾಲಿಯ ಹಲಗೆ ಕೊಟ್ಟು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದ್ದರು. ಸ್ಕೇಟಿಂಗ್ ಕ್ಲಾಸಿಗೆ ಹೋಗುವ ಪೇಟೆಯ ಮಕ್ಕಳೆಲ್ಲ ದಬಾ ದಬಾ ಬಿದ್ದರು. ಭುವನಾ ಬೀಳಲಿಲ್ಲ. “ಎಲ್ಲಿ ಕಲಿತೆ?” ಎಂದು ಕೋಚ್ ಮೇಡಂ ಕೇಳಿದ್ದಕ್ಕೆ ಫೋನಿನ ವಿಡಿಯೋ ತೋರಿಸಿದಳು. ನೀರು ಕಟ್ಟಿದ ಭತ್ತದ ಗದ್ದೆ, ಜೋಡೆತ್ತು, ಎತ್ತಿನ ಹಿಂದೆ ಕೆಸರು ಸಮ ಮಾಡುವ ಉದ್ದನೆಯ ಹಲಗೆ, ಹಲಗೆಯ ಮೇಲೆ ಭಾರಕ್ಕೆಂದು ನಿಂತ ಭುವನಾ. ಏಳನೇ ವಯಸ್ಸಿನಿಂದ ಅವಳ ಕೆಲಸವೇ ಅದು. ಮೇಡಂ ಅಲ್ಲಿಯೇ ಅವಳ ಹೆಸರು ಬರೆದುಕೊಂಡರು. ಜನವರಿಯಲ್ಲಿ ಹದಿನೈದು ದಿನ ತರಬೇತಿ, ಖರ್ಚೆಲ್ಲ ಕ್ಲಬ್ಬಿನದು. ಆದರೆ ಸೋಮವಾರದೊಳಗೆ ತಂದೆ ತಾಯಿ ಇಬ್ಬರ ಸಹಿಯೂ ಮುಟ್ಟಬೇಕು. ಅವ್ವನ ಸಹಿ ಆಗಿತ್ತು. ಹಿಮಾಚಲವಾದರೂ ಬೇಸಿಗೆಯಲ್ಲಿ ಒಂದಿಷ್ಟು ಕರಗೀತು, ಅಪ್ಪ ಮಾತ್ರ ಅಚಲ.

“ಏನಂತಾನ ನಿಮ್ಮಪ್ಪ?”

“ನಾಕ ಮಾತು. ಥಂಡಿ ಭಾಳ. ಬಿದ್ದರ ಎಲವು ಮುರೀತಾವು. ಮಂದಿ ಏನಂತಾರು. ನೀ ಹ್ವಾದ್ರ ಹಲಗಿ ಮ್ಯಾಲ ನಿಂದ್ರೋರ್ಯಾರು.” ಭುವನಾ ಬೆರಳು ಮಡಿಚಿ ಹೇಳಿ, ಮುಖವನ್ನು ಆಚೆ ತಿರುಗಿಸಿಕೊಂಡಳು. “ಮತ್ತ ಕರಿಯಂಗಿಲ್ಲ ಮಾಮಾ ಅವರು. ಇದೊಂದ ಸಲ.”

ಶಶಿಕಾಂತ ವಿಡಿಯೋ ನೋಡುತ್ತ ಕುಳಿತ. ಅದು ಇನ್ನೂ ಮುಗಿದಿರಲಿಲ್ಲ. ಭುವನಾ ಇಳಿದ ಮೇಲೆ ಫಕ್ಕೀರಪ್ಪನೇ ಹಲಗೆ ಹತ್ತಿದ್ದ. ಧೋತರ ಎತ್ತಿ ಕಟ್ಟಿ, ಎತ್ತಿನ ಹಗ್ಗ ಹೆಗಲ ಮೇಲೆ ಒಗೆದು, ಎರಡೂ ಕೈ ಬಿಟ್ಟು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತ, ಓಲಾಡುವ ಹಲಗೆಯ ಮೇಲೆ ಕಟ್ಟೆಯ ಮೇಲೆ ನಿಂತವನಂತೆ ನಿಂತಿದ್ದ.

“ನೀ ಇಳಿ, ನಿಂದ್ರೂದು ಹೆಂಗಂತ ತೋರಸ್ತೀನಿ ಅಂದ,” ಎಂದಳು ಭುವನಾ. “ಮೇಡಮ್ಮು ಇದನ್ನ ಎರಡ ಸಲ ನೋಡಿದ್ರು.”

ಶಶಿಕಾಂತನ ಗಂಟಲಲ್ಲಿ ಹೊಸ ಬಾಡಿಗೆದಾರನೊಬ್ಬ ಬಂದು ಕುಳಿತ.

ಅದೇ ಸಂಜೆ, ಮೂಗಿನಲ್ಲಿ ಅರ್ಧ ಹಿಂದಿ, ಹಲ್ಲಿನ ಸಂದಿಯಲ್ಲಿ ಅರ್ಧ ಕನ್ನಡ ಇಟ್ಟುಕೊಂಡು, ಬೇರೆ ನಂಬರಿನಿಂದ ಫೋನು ಹಚ್ಚಿದ.

“ಫಕೀರ್ ಅಪ್ಪಾ ಜೀ? ನಾವು ಹಿಮಾಚಲ ಕ್ಲಬ್ ಇಂದ ಮಾತಾಡ್ತಾ ಇದೆ.”

“ಆಕಿ ಬರಂಗಿಲ್ರಿ. ನಾ ಹೇಳೇನಿ,” ಎಂದ ಫಕ್ಕೀರಪ್ಪ.

“ಬೇಟೀ ಮಾತು ಬಿಡಿ. ವಿಡಿಯೋದಲ್ಲಿ ಕೊನೆಗೆ ಒಂದು ಆದ್ಮಿ ಇದೆ. ಹಗ್ಗ ಹಿಡಿದಿಲ್ಲ, ತಂಬಾಕು ತಿಕ್ತಾ ಇದೆ, ಬೀಳ್ತಾ ಇಲ್ಲ. ಅವರು ಯಾರು?”

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು.

“ನಾನ ರೀ.”

“ಅರೇ. ನಮ್ಮಲ್ಲಿ ಹಿರಿಯರ ಬ್ಯಾಚ್ ಇದೆ. ನೀವು ಬರಬೇಕು. ಲೇಕಿನ್ ಥಂಡಿ ಭಾಳ ಇದೆ.”

“ಏನ್ ಥಂಡೀರಿ. ಬೆಳ್ಳಿಚುಕ್ಕಿ ಮೂಡೂದ್ರಾಗ ಮೊಣಕಾಲ ಮಟಾ ನೀರಾಗ ನಿಂದ್ರೋ ಮನಷ್ಯಾರಿ ನಾ.”

“ಬಿದ್ರೆ ಹಡ್ಡಿ ಮುರೀತದೆ.”

“ಬೀಳಲಾರದ ಯಾರರೆ ಹಲಗಿ ಕಲ್ತಾರೇನ್ರಿ.”

“ಊರಿನ ಲೋಗ್ ಏನು ಅಂತಾರೆ?”

“ಮಂದಿ ಏನ್ ನನಗ ರೊಟ್ಟಿ ಬಡದು ಹಾಕ್ತಾರೇನ್ರಿ.”

“ಮತ್ತೆ ಗದ್ದೆ ಕೆಲಸ?”

“ಹದಿನೈದ ದಿನಕ್ಕ ಗದ್ದಿ ಏನ್ ಎದ್ದು ಓಡಿ ಹೊಕ್ಕೈತೇನ್ರಿ.”

ನಗು ಹೊರಗೆ ಬೀಳದಂತೆ ಕೈಗೆ ಸಿಕ್ಕ ಮೊಬೈಲ್ ಕವರನ್ನು ಕಚ್ಚಿಕೊಂಡಿದ್ದ ಶಶಿಕಾಂತ, ನಾಲ್ಕೂ ಉತ್ತರಗಳನ್ನು ರಟ್ಟಿನ ಮೇಲೆ ಬರೆದುಕೊಂಡ.

ಮರುದಿನ ಮಧ್ಯಾಹ್ನ ಪಕ್ಕದ ಬಟ್ಟೆ ಅಂಗಡಿಯ ಮುನಾಫ ಇಣುಕಿದ. “ನಿಮ್ಮ ಫಕ್ಕೀರಪ್ಪ ಮಾವ ಬಂದಿದ್ರಲೇ. ಸ್ವೆಟರು, ಕೈಗವಸು, ಮಂಗ್ಯಾನ ಟೊಪಗಿ ತಗೊಂಡ್ರು. ಕೆಂಪೂನ ಬೇಕು, ಹಿಮದಾಗ ದೂರಿಂದ ಕಾಣಬೇಕು ಅಂದ್ರು. ಹಿಮಾಚಲಕ್ಕ ಹೊಂಟೀನಿ ಅಂತ ಊರ ತುಂಬ ಹೇಳ್ಯಾರಂತ.”

ಆಗ ಶಶಿಕಾಂತನಿಗೆ ಥಂಡಿ ಹತ್ತಿತು. ಯಾಕೆಂದರೆ ಮಾವ ಮಹಾ ಮಾನದ ಮನುಷ್ಯ. ಮದುವೆಯೊಂದರಲ್ಲಿ ತನಗೆ ಹೋಳಿಗೆ ಕಡೆಗೆ ನೀಡಿದರೆಂದು ಕರ್ಜಗಿಯ ಬೀಗರೊಡನೆ ಮೂರು ವರ್ಷ ಮಾತು ಬಿಟ್ಟವನು. ಈ ಚೇಷ್ಟೆಗೆ ಸಿಟ್ಟಾದರೆ ಸಹಿ ಹೋಯಿತು, ಅಕ್ಕನ ಮನೆಯ ಊಟ ಹೋಯಿತು, ಎಲ್ಲಕ್ಕಿಂತ ಮೊದಲು ಭುವನಾಳ ಹಿಮ ಹೋಯಿತು.

ರವಿವಾರ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಬೈಕಿನ ಮೇಲೆ ಮೇಡ್ಲೇರಿಗೆ ಹೋದ. ಹೊಳೆದಂಡೆಯ ಗದ್ದೆಯ ಒಡ್ಡಿನ ಮೇಲೆ ಫಕ್ಕೀರಪ್ಪನ ತಾಯಿ ಮುತ್ತವ್ವ ಕುಳಿತಿದ್ದಳು. ನೆತ್ತಿ ಸುಡುವ ಬಿಸಿಲು. ಆ ಬಿಸಿಲಿನಲ್ಲಿ ಸ್ವೆಟರು, ಕೈಗವಸು, ಕೆಂಪು ಟೊಪಗಿ ಹಾಕಿಕೊಂಡು ಫಕ್ಕೀರಪ್ಪ ಹಲಗೆಯ ಮೇಲೆ ನಿಂತು ಕೆಸರಿನಲ್ಲಿ ಸರ್‍ರನೆ ಬರುತ್ತಿದ್ದ. ಎತ್ತು ಹೊಡೆಯುವವಳು ಭುವನಾ. ಮಾಮಾನನ್ನು ಕಂಡು ಕಣ್ಣಲ್ಲೇ ‘ತಂದೀಯೇನು’ ಎಂದಳು.

“ಏ ಫಕ್ಕೀರಾ, ಅಲ್ಲಿ ಥಂಡಿ ಭಾಳ ಐತಂತಲ್ಲೋ,” ಎಂದು ಮುತ್ತವ್ವ ಕೂಗಿದಳು.

ಫಕ್ಕೀರಪ್ಪ ಬಾಯಿ ತೆರೆಯುವ ಮೊದಲೇ ಬೈಕಿನ ಕಡೆಯಿಂದ ಅವನದೇ ದನಿ ಬಂತು. “ಏನ್ ಥಂಡೀರಿ. ಬೆಳ್ಳಿಚುಕ್ಕಿ ಮೂಡೂದ್ರಾಗ ಮೊಣಕಾಲ ಮಟಾ ನೀರಾಗ ನಿಂದ್ರೋ ಮನಷ್ಯಾರಿ ನಾ.”

ಮುತ್ತವ್ವ ಮಗನ ಬಾಯಿ ನೋಡಿದಳು. ಬಾಯಿ ಮುಚ್ಚಿತ್ತು. “ಬಿದ್ದರ?” ಎಂದಳು, ಈ ಸಲ ಬೈಕಿನ ಕಡೆಗೇ ತಿರುಗಿ.

“ಬೀಳಲಾರದ ಯಾರರೆ ಹಲಗಿ ಕಲ್ತಾರೇನ್ರಿ. ಮಂದಿ ಏನ್ ನನಗ ರೊಟ್ಟಿ ಬಡದು ಹಾಕ್ತಾರೇನ್ರಿ.” ಅಷ್ಟು ಹೇಳಿ ಶಶಿಕಾಂತ ಮೂಗಿನ ದನಿಗೆ ಬಂದ. “ಫಕೀರ್ ಅಪ್ಪಾ ಜೀ, ಬೇಟೀದು ಸೆಲೆಕ್ಷನ್ ಆಗಿದೆ. ನಿಮ್ಮದು ಸಹಿ ಬಾಕಿ ಇದೆ.”

ಎತ್ತು ನಿಂತವು. ಫಕ್ಕೀರಪ್ಪ ಹಲಗೆಯಿಂದ ಇಳಿದು, ಟೊಪಗಿ ತೆಗೆದು, ಕೆಸರು ತುಳಿಯುತ್ತ ನಡೆದು ಬಂದ. ಶಶಿಕಾಂತನ ಕೈ ತಾನಾಗಿಯೇ ಬೈಕಿನ ಚಾವಿಯ ಕಡೆ ಹೋಯಿತು.

“ಹಿರ್ಯಾರ ಬ್ಯಾಚು?”

“ಇಲ್ಲ ಮಾವ.”

“ಆ ತಂಬಾಕಿನ ಮಾತು?”

“ಅದೊಂದು ಖರೇ,” ಎಂದಳು ಭುವನಾ. “ಮೇಡಮ್ಮು ಎರಡ ಸಲ ನೋಡಿದ್ರಪ್ಪಾ. ಇವರ ಮಗಳು ಅಂದ್ರ ಇನ್ನ ಪರೀಕ್ಷಾ ಯಾಕ ಬೇಕು ಅಂದ್ರು.”

ಫಕ್ಕೀರಪ್ಪ ಮಗಳನ್ನೇ ನೋಡಿದ. ಹಲಗೆಯನ್ನು ನೋಡಿದ. ಕೈಯಲ್ಲಿದ್ದ ಟೊಪಗಿಯನ್ನು ನೋಡಿದ. ನಾಲ್ಕು ಬೇಡ ಎಂದವನೂ ತಾನೇ, ನಾಲ್ಕಕ್ಕೂ ಉತ್ತರ ಕೊಟ್ಟವನೂ ತಾನೇ. ವಾದ ಮಾಡಲು ಈ ಕಡೆ ಯಾರೂ ಉಳಿದಿರಲಿಲ್ಲ.

“ಪೆನ್ ಕೊಡಲೇ,” ಎಂದ. ಕೈಗವಸು ತೆಗೆದು, ಶಶಿಕಾಂತನನ್ನು ಬಗ್ಗಿಸಿ, ಅವನ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಅವಸರಕ್ಕೆ ಪಕ್ಕದಲ್ಲಿ ಕೆಸರಿನ ಹೆಬ್ಬೆಟ್ಟೂ ಬಿತ್ತು. ಭುವನಾ ಆ ಕಾಗದವನ್ನು ಕಸಿದುಕೊಂಡು ಆಯಿ ಮುತ್ತವ್ವನ ತೊಡೆಯ ಮೇಲೆ ಹರವಿ ಆರಲು ಇಟ್ಟಳು.

“ಸಹಿ ಆತು ಮಾವ, ಸಿಹಿ ಎಲ್ಲಿ?” ಎಂದ ಶಶಿಕಾಂತ, ಜೀವ ಬಂದು.

“ಕೊಡ್ತೀನಿ ಬಾ. ನನ್ನ ದನೀಲೆ ನೀ ಮೂರ ಮಾತಿಗೆ ಉತ್ರ ಹೇಳಿದಿ, ನಾಕನೇದು ಉಳೀತು. ಆಕಿ ಹೋದ ಮ್ಯಾಲ ಹದಿನೈದ ದಿನ ಹಲಗಿ ಮ್ಯಾಲ ನಿಂದ್ರೋರ್ಯಾರು?” ಎನ್ನುತ್ತ ಫಕ್ಕೀರಪ್ಪ ಆ ಕೆಂಪು ಟೊಪಗಿಯನ್ನು ಶಶಿಕಾಂತನ ತಲೆಗೆ ಗದ್ದದ ತನಕ ಇಳಿಸಿದ. “ಗದ್ದಿ ಏನ್ ಎದ್ದು ಓಡಿ ಹೊಕ್ಕೈತೇನು. ನೀನೂ ಓಡಬ್ಯಾಡ. ಹತ್ತು.”

ಶಶಿಕಾಂತ ಹತ್ತಿದ. ಪ್ಯಾಂಟು ಮಡಿಚಿದ, ಎರಡೂ ಕೈಯಿಂದ ಹಗ್ಗ ಹಿಡಿದ. ಭುವನಾ ನಾಲಿಗೆಯಿಂದ ಟಕ್ ಎಂದಳು. ಎತ್ತು ಎರಡು ಹೆಜ್ಜೆ ಇಟ್ಟವು, ಮೂರನೆಯದಕ್ಕೆ ಹಲಗೆಯ ಮೇಲೆ ಯಾರೂ ಇರಲಿಲ್ಲ. ಕೆಸರಿನೊಳಗಿಂದ ಒಂದು ಕೆಂಪು ಟೊಪಗಿ ಮೇಲೆ ಬಂತು. ಅದರ ಕೆಳಗಿನಿಂದ ಯಾರ ದನಿಯೂ ಬರಲಿಲ್ಲ, ಬಾಡಿಗೆದಾರರೆಲ್ಲ ಒಮ್ಮೆಲೇ ಮನೆ ಖಾಲಿ ಮಾಡಿದ್ದರು.

ಮುತ್ತವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಭುವನಾ ಎತ್ತಿನ ಕೊರಳು ತಬ್ಬಿಕೊಂಡು ನಕ್ಕಳು. ಆದರೆ ಹೊಳೆಯ ಆ ಕಡೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ತಿರುಗಿ ನೋಡಿದ್ದು ಇವರಿಬ್ಬರ ನಗುವಿಗಲ್ಲ. ಸ್ವೆಟರು ತೊಟ್ಟು ಒಡ್ಡಿನ ಮೇಲೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರನ್ನು ಕೈಗವಸಿನಿಂದ ಒರೆಸಿಕೊಳ್ಳುತ್ತಿದ್ದ ಫಕ್ಕೀರಪ್ಪನ ನಗುವಿಗೆ.