ಪದ್ಮಿನಿಯ ಡ್ಯಾಶ್‌ಬೋರ್ಡಿಗೆ ಸೀಗೆಪುಡಿ

ನಾದಿನಿ ಶಿವಾನಿಯ ಮದುವೆಗೆ ನಮ್ಮ ಪದ್ಮಿನಿ ಕಾರು ಬೇಡ ಎಂದು ಕಾಟನ್‌ಪೇಟೆ ಅತ್ತೆ ಹೇಳಿದ್ದು ಅದರ ಡ್ಯಾಶ್‌ಬೋರ್ಡು ತೋರಿಸಿ.

“ಬಿರುಕು ಬಿಟ್ಟಿರೋದನ್ನ ಮದುವೆ ಹೆಣ್ಣಿನ ಕಣ್ಣೆದುರಿಗೆ ಇಟ್ಕೊಂಡು ಛತ್ರಕ್ಕೆ ಹೋಗ್ತಾರೇನೋ ಮಲ್ಲು? ಇನ್ನೋವಾ ಹೇಳಿಬಿಡು. ಎಸಿನೂ ಇರುತ್ತೆ.”

ಮಲ್ಲು ಎಂದರೆ ನನ್ನ ಮಾವ ಮಲ್ಲಿಕಾರ್ಜುನಯ್ಯ. ಕಾಟನ್‌ಪೇಟೆ ಅತ್ತೆ ಅವರ ಅಕ್ಕ. ಹೆಸರು ಕಾವೇರಮ್ಮ, ಆದರೆ ಮನೆಯಲ್ಲಿ ಎಲ್ಲರಿಗೂ ಕಾಟನ್‌ಪೇಟೆ ಅತ್ತೆಯೇ.

ಕಾರು ಕೊಂಡವರು ಮಾವನ ತಂದೆ, ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿದ್ದವರು. ಆಗಿನಿಂದ ಈ ಮನೆಯ ಹೆಣ್ಣುಮಕ್ಕಳು ಛತ್ರಕ್ಕೆ ಹೋಗುವುದು ಅದರ ಮುಂದಿನ ಸೀಟಿನಲ್ಲಿ ಕೂತು. ಓಡಿಸುವುದು ಹಿರಿಯ ಮಗ. ಕಾಟನ್‌ಪೇಟೆ ಅತ್ತೆಯೂ ಹಾಗೆಯೇ ಹೋದವರು, ಮಾವ ಓಡಿಸಿದ್ದರು. ಈಗ ಶಿವಾನಿಯ ಸರದಿ. ಅವಳ ಅಣ್ಣ ಶಶಿಕಿರಣ ಓಡಿಸಬೇಕಿತ್ತು. ಶಶಿ ನನ್ನ ಗಂಡ. ಹೋದ ವರ್ಷ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡ.

ಮಾವನಿಗೆ ಕಣ್ಣು ಮಂಜು. ಸ್ಟಿಯರಿಂಗಿನ ಪಕ್ಕ ಇರುವ ಆ ಹ್ಯಾಂಡ್ ಗೇರು ಮನೆಯಲ್ಲಿ ಬರುವುದು ನನಗೊಬ್ಬಳಿಗೆ, ಶಶಿ ಕಲಿಸಿದ್ದ. ನಿಶ್ಚಿತಾರ್ಥದ ದಿನ ಶಿವಾನಿ, “ಕಾರು ಅತ್ತಿಗೆ ಓಡಿಸ್ತಾರೆ” ಎಂದುಬಿಟ್ಟಳು. ಹೋಳಿಗೆಯ ತಟ್ಟೆ ಇನ್ನೊಂದು ಸುತ್ತು ಬಂತು.

ಗಂಡ ಸತ್ತವಳನ್ನು ಬೇರೆ ಕೂರಿಸಬಾರದು ಎಂದು ನಮ್ಮ ಮಠದಲ್ಲಿ ಹೇಳುತ್ತಾರೆ. ಹಣೆಯ ವಿಭೂತಿ, ಕೈಯ ಬಳೆ ಯಾವುದನ್ನೂ ನನ್ನಿಂದ ಯಾರೂ ತೆಗೆಸಲಿಲ್ಲ. ಹಾಗಾಗಿ ನಾನು ಓಡಿಸಬಾರದು ಎಂದು ಬಾಯಿಬಿಟ್ಟು ಹೇಳುವುದು ಕಷ್ಟ. ಡ್ಯಾಶ್‌ಬೋರ್ಡಿನ ಬಿರುಕಿನ ಬಗ್ಗೆ ಹೇಳಬಹುದು.

ನನಗೆ ಆ ಕಾರು ಓಡಿಸಬೇಕಿತ್ತು. ಕಾರಣ ಬರೆಯಲು ಹೊರಟರೆ ದೊಡ್ಡದಾಗುತ್ತದೆ. ಓಡಿಸಬೇಕಿತ್ತು, ಅಷ್ಟೆ.

“ಮುಚ್ಚಿಸಿದರೆ ಆಗುತ್ತಲ್ಲ ಅತ್ತೆ?” ಎಂದೆ.

“ಮುಚ್ಚಿಸಮ್ಮ. ಬೇಡ ಅಂದೋರ್ಯಾರು?”

ಮದುವೆ ಮುಂದಿನ ವಾರವಿತ್ತು. ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯ ವರದರಾಜ ಕಾರಿನೊಳಗೆ ತಲೆ ಹಾಕಿ ನೋಡಿ ನಕ್ಕ. “ಇದಕ್ಕೆ ರೆಡಿಮೇಡ್ ಪೀಸು ಎಲ್ಲಿ ತರ್ಲಿ ಮೇಡಂ? ಇದರ ಜೊತೆಯವೆಲ್ಲ ಗುಜರಿ ಸೇರಾಯ್ತು. ರೆಕ್ಸಿನ್ ಅಂಟಿಸ್ಬೇಕು. ಈ ವಾರ ನನಗಂತೂ ಆಗಲ್ಲ, ಕೈತುಂಬಾ ಕೆಲಸ.” ಕಪ್ಪು ರೆಕ್ಸಿನ್ ಕತ್ತರಿಸಿ, ಗೋಂದಿನ ಡಬ್ಬಿಯ ಜೊತೆ ಕೊಟ್ಟು, ಮಾಡುವ ಕ್ರಮ ಹೇಳಿದ.

ಕೆಲಸ ಮಾಡುವ ಕಾಲೇಜಿಗೆ ರಜೆ ಹಾಕಿ ನಾನೇ ಮಾಡಿದೆ. ದೊಡ್ಡ ಬಿರುಕು ಸ್ಪೀಡೋಮೀಟರಿನ ಹತ್ತಿರ ಶುರುವಾಗಿ ಎಡಗಡೆ ಬಾಗಿಲಿನವರೆಗೆ ಹೋಗಿತ್ತು. ಮೇಲೆದ್ದ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ, ಎಂ-ಸೀಲ್ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದೆ. ಎರಡೂ ಕಡೆ ಗೋಂದು ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ರೆಕ್ಸಿನ್ನನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋದೆ. ಚೆನ್ನಾಗಿ ಕಂಡಿತು. ಮಾರನೆಯ ಮಧ್ಯಾಹ್ನದ ಬಿಸಿಲಿಗೆ ಎಲ್ಲ ಕಡೆ ಉಬ್ಬಿ ಎದ್ದಿತು.

ಸೀರೆ ಜೋಡಿಸಲು ಬಂದಿದ್ದ ಕಾಟನ್‌ಪೇಟೆ ಅತ್ತೆ ಕಾರಿನ ಗಾಜಿನಿಂದ ಇಣುಕಿದರು. “ನೋಡು, ಕಾರಿಗೇ ಇಷ್ಟ ಇಲ್ಲ.”

ಅವರ ಮಗ ಕೈಲಾಸ್, “ಅತ್ತಿಗೆ, ಹಪ್ಪಳ ಚೆನ್ನಾಗಿ ಉಬ್ಬಿದೆ. ತಿರುಗಿಸಿ ಹಾಕಿ” ಎಂದ.

ಅವರು ಹೋದ ಮೇಲೆ ಪೂರ್ತಿ ಕಿತ್ತೆ. ಗೋಂದೆಲ್ಲ ರೆಕ್ಸಿನ್ನಿಗೆ ಅಂಟಿಕೊಂಡು ಬಂತು. ತುಂಬಿದ್ದ ಎಂ-ಸೀಲ್ ಕೂಡ ಗಟ್ಟಿ ಕಡ್ಡಿಯಂತೆ ಎದ್ದು ಬಂತು. ಬಿರುಕಿನೊಳಗೆ ಬೆರಳಿಟ್ಟು ಮೂಸಿದೆ. ಕೊಬ್ಬರಿ ಎಣ್ಣೆ.

ಅತ್ತೆ ಶಿವಕುಮಾರಿಯವರನ್ನು, ಶಶಿಯ ತಾಯಿಯನ್ನು, ಕರೆದು ಕೇಳಿದೆ. ಪ್ರತಿ ಸೋಮವಾರ ಕಾರಿಗೆ ವಿಭೂತಿ ಹಚ್ಚುವವರು ಅವರು.

“ಒಣಗಿ ಸೀಳ್ತಿದೆ ಅಂತ ಹಚ್ಚುತ್ತಿದ್ದೆ ಕಣೆ. ಹಿಮ್ಮಡಿ ಒಡೆದರೆ ಹಚ್ಚಲ್ವಾ? ಹಾಗೇ.”

“ಎಷ್ಟು ವರ್ಷದಿಂದ?”

“ಬಿರುಕು ಬಿಡೋಕೆ ಮುಂಚಿನಿಂದ. ಆಗ ಹೊಳಪಿಗೆ ಅಂತ. ನಿಮ್ಮ ಮಾವನಿಗೆ ಹೇಳ್ಬೇಡ, ಕಂಪನಿಯವರೇ ಸರಿಯಿಲ್ಲ ಅಂತ ಬೈಕೊಂಡು ಓಡಾಡ್ತಿದ್ದರು.” ಹೇಳಿ ನಕ್ಕರು. ನನಗೂ ನಗು ಬಂತು.

ಫೋನಿನಲ್ಲಿ ವರದರಾಜ ಥಿನ್ನರ್ ಹಾಕಿ ಒರೆಸಲು ಹೇಳಿದ. ಒಂದು ಮೂಲೆಯಲ್ಲಿ ಒರೆಸಿ ನೋಡಿದೆ. ಹಳೆಯ ಹೊದಿಕೆ ಡಾಂಬರಿನಂತೆ ಕರಗಿ ಬಟ್ಟೆಗೆ ಹತ್ತಿತು. ನಿಲ್ಲಿಸಿದೆ. ನೋಡುತ್ತ ನಿಂತಿದ್ದ ಅತ್ತೆ ಒಳಗೆ ಹೋಗಿ ಸೀಗೆಪುಡಿಯ ಡಬ್ಬಿ ತಂದರು.

“ಜಿಡ್ಡು ತೆಗೆಯೋಕೆ ಇದಕ್ಕಿಂತ ಇನ್ನೇನು ಬೇಕು?”

ಬಿಸಿನೀರಲ್ಲಿ ಕಲಸಿ ಇಬ್ಬರೂ ಉಜ್ಜಿದೆವು. ತಲೆಗೆ ಎರೆಯುವಾಗ ಬರುವಂಥದೇ ಕಂದು ನೊರೆ ಬಂತು. ಮೇಲಿನಿಂದ ಶಿವಾನಿ ಕೂಗಿದಳು: “ಅಮ್ಮಾ, ಮದುವೆ ನನಗೋ ಕಾರಿಗೋ? ಎಣ್ಣೆ ನೀರು ಮೊದಲು ಅದಕ್ಕಾ?”

“ಅದು ನಿನ್ನಷ್ಟು ಕೂಗಾಡಲ್ಲ,” ಎಂದರು ಅತ್ತೆ.

ಒರೆಸಿದ ಬಟ್ಟೆ ಕಿರ್ರ್ ಎನ್ನುವವರೆಗೆ ತೊಳೆದೆವು. ಬಾಗಿಲು ತೆರೆದಿಟ್ಟು ಒಣಗಿಸಿ, ಮತ್ತೆ ತುಂಬಿ, ಮತ್ತೆ ಅಂಟಿಸಿದೆ. ಈ ಸಲ ಬಿಸಿಲಿಗೂ ಅಲುಗಲಿಲ್ಲ. ಅಂಚಿನಲ್ಲಿ ಉಗುರು ಹಾಕಿ ಎಬ್ಬಿಸಲು ನೋಡಿದೆ, ಏಳಲಿಲ್ಲ.

ಮದುವೆಯ ಹಿಂದಿನ ದಿನ ಕಾಟನ್‌ಪೇಟೆ ಅತ್ತೆ ಬಂದು ಅದರ ಮೇಲೆ ಕೈಯಾಡಿಸಿದರು. “ಚೆನ್ನಾಗಿದೆ,” ಎಂದರು. ಹಜಾರದಲ್ಲಿ ಕೂತ ಮೇಲೆ, “ಕೈಲಾಸ್ ಓಡಿಸ್ಲಿ ಬಿಡು” ಎಂದರು.

“ಅಮ್ಮಾ, ಆ ಗೇರು ನನಗೆ ಬರಲ್ಲ. ಹೆಣ್ಣನ್ನ ಛತ್ರದ ಬದಲು ಮಾರ್ಕೆಟ್ಟಿನ ಟೊಮ್ಯಾಟೊ ರಾಶಿ ಮೇಲೆ ಇಳಿಸ್ತೀನಿ ಅಷ್ಟೆ.”

“ಹಾಗಾದ್ರೆ ಇನ್ನೋವಾನೇ ಸರಿ. ರೇಷ್ಮೆ ಸೀರೆ, ಸೆಖೆ ಬೇರೆ.”

ನಾನು ಅವರ ಎದುರಿಗೆ ಕೂತೆ. “ಅತ್ತೆ, ಬಿರುಕು ಅಂದ್ರಿ. ಮುಚ್ಚಿದೆ. ಈಗ ಏನು ಅಡ್ಡಿ ಅಂತ ಹೇಳಿ. ನನ್ನ ಕೈಲಿ ಆಗೋದಾದ್ರೆ ಅದನ್ನೂ ಸರಿಮಾಡ್ತೀನಿ.”

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಕಾಟನ್‌ಪೇಟೆ ಅತ್ತೆ ಮಾವನನ್ನು ನೋಡಿದರು. ತಮ್ಮ ಕೊರಳಿನ ಇಷ್ಟಲಿಂಗದ ಶಿವದಾರವನ್ನು ಬೆರಳಿಗೆ ಸುತ್ತಿದರು, ಬಿಟ್ಟರು.

“ನಾನೇನಂದೆ ಈಗ? ನಮ್ಮಲ್ಲಿ ಅಂಥದ್ದೆಲ್ಲ ಎಲ್ಲಿದೆ?”

ಅಂಥದ್ದರ ಮಾತನ್ನು ನಾನು ಎತ್ತಿರಲಿಲ್ಲ.

“ಇಲ್ವಲ್ಲ, ಹಾಗಾದ್ರೆ ಮುಗೀತು,” ಎಂದರು ನನ್ನ ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಮಿಕ್ಸಿ ಮತ್ತೆ ಶುರುವಾಯಿತು.

ಮಾವ ನನ್ನ ಕಡೆ ತಿರುಗಿದರು. “ಶಿವರಂಜಿನಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡೋದಮ್ಮ?”

“ಬೆಳಕು ಹರಿಯೋಕೆ ಮುಂಚೆ ಹೊರಡೋಣ ಮಾವ. ಆಮೇಲೆ ಮಾರ್ಕೆಟ್ ಹತ್ತಿರ ಸಿಕ್ಕಿಹಾಕ್ಕೋತೀವಿ.”

ಕಾಟನ್‌ಪೇಟೆ ಅತ್ತೆ ತಮಗೊಂದು ಇನ್ನೋವಾ ಹೇಳಿಸಿಕೊಂಡರು. ನಾವು ಪದ್ಮಿನಿಯಲ್ಲಿ ಹೊರಟೆವು. ಮುಂದೆ ಶಿವಾನಿ, ಹಿಂದೆ ಅತ್ತೆ ಮಾವ. ಛತ್ರ ಬಳೇಪೇಟೆಯಲ್ಲಿ. ಮಾರ್ಕೆಟ್ ದಾಟುವಾಗ ಹೂವಿನ ಮೂಟೆ ಹೊತ್ತವರು ಅಡ್ಡ ಬಂದರು. ಎರಡನೇ ಗೇರಿಗೆ ಇಳಿಸಿ, ಆಮೇಲೆ ಪೂರ್ತಿ ನಿಲ್ಲಿಸಿದೆ. ಒಬ್ಬ ಬಗ್ಗಿ ಒಳಗೆ ನೋಡಿದ.

“ಮದುವೆ ಹೆಣ್ಣು ಕಣ್ರೋ, ದಾರಿ ಬಿಡ್ರೋ!”

ಬಿಟ್ಟರು. ಹೋದೆವು.